ಚಿಲ್ಲರೆಯಲ್ಲಿ ಕರಗಿದ ಬೆಳ್ಳಿ

1621–22ರಲ್ಲಿ ಅಚ್ಚಾದ ಜರ್ಮನ್ ಚಿಲ್ಲರೆ ನಾಣ್ಯ ಕೈಗೆ ಸಿಕ್ಕರೆ ಲಾಂಛನದ ಉಬ್ಬಿದ ಭಾಗವನ್ನು ದಿಟ್ಟಿಸಿ ನೋಡಬೇಕು. ಬಿಳುಪು ಸವೆದಲ್ಲಿ ತಾಮ್ರದ ಕೆಂಪು ಇಣುಕುತ್ತದೆ. ತಾಮ್ರವೇ ಹೆಚ್ಚಿದ್ದ ಬಿಲ್ಲೆಗಳನ್ನು ಟಂಕಸಾಲೆಯವರು ಹುಳಿ ದ್ರಾವಣದಲ್ಲಿ ಕುದಿಸುತ್ತಿದ್ದರು. ಹುಣಸೆಹಣ್ಣು ಹಚ್ಚಿದ ಪಾತ್ರೆಯ ಕಿಲುಬು ಬಿಡುವಂತೆ ಮೇಲ್ಪದರದ ತಾಮ್ರ ಕರಗಿ, ಬೆಳ್ಳಿ ಮಾತ್ರ ಮೇಲೆ ಉಳಿಯುತ್ತಿತ್ತು. ನಾಲ್ಕು ಕೈ ದಾಟುವಷ್ಟರಲ್ಲಿ ಬಣ್ಣ ಬಯಲು.

ಈ ಮೋಸಕ್ಕೆ ದುರಾಸೆಯೊಂದೇ ಕಾರಣವಲ್ಲ. ಪವಿತ್ರ ರೋಮನ್ ಸಾಮ್ರಾಜ್ಯದಲ್ಲಿ ಅರಸರು, ಬಿಷಪ್‌ಗಳು, ಸ್ವತಂತ್ರ ನಗರಗಳು ಹೀಗೆ ನಾಣ್ಯ ಅಚ್ಚು ಹಾಕುವ ಹಕ್ಕು ಹತ್ತಾರು ಕೈಗಳಲ್ಲಿ ಹಂಚಿಹೋಗಿತ್ತು. ಚಿಲ್ಲರೆಯಲ್ಲೂ ಮುಖಬೆಲೆಗೆ ಹೆಚ್ಚುಕಡಿಮೆ ತಕ್ಕಷ್ಟು ಬೆಳ್ಳಿ ಇರಬೇಕೆಂದು 1559ರ ಆಗ್ಸ್‌ಬರ್ಗ್ ನಾಣ್ಯ ಕಟ್ಟಳೆ ಬಯಸಿತು. ಆದರೆ ದೊಡ್ಡ ತಾಲರ್ ನಾಣ್ಯವೊಂದನ್ನು ಅಚ್ಚು ಹಾಕುವುದಕ್ಕೂ ಅಷ್ಟೇ ಬೆಲೆಯ ಹತ್ತಾರು ಕ್ರಾಯ್ಟ್ಸರ್ ಚಿಲ್ಲರೆಗಳನ್ನು ಒಂದೊಂದಾಗಿ ಬಡಿಯುವುದಕ್ಕೂ ಕೂಲಿ ಒಂದೇ ಆಗುತ್ತದೆಯೇ? ಕಟ್ಟಳೆ ಪಾಲಿಸಿದವನಿಗೆ ಚಿಲ್ಲರೆಯಲ್ಲಿ ನಷ್ಟ ಕಟ್ಟಿಟ್ಟ ಬುತ್ತಿ. ಬೆಳ್ಳಿಯನ್ನು ಕದ್ದು ಕಡಿಮೆ ಮಾಡುವ ಚಾಳಿ ಶುರುವಾದದ್ದು ಅಲ್ಲಿಂದ.

1618ರಲ್ಲಿ ಮೂವತ್ತು ವರ್ಷಗಳ ಯುದ್ಧ ಹೊತ್ತಿಕೊಂಡಿತು. ಸೈನಿಕರ ಸಂಬಳಕ್ಕೆ ಹಣ ಬೇಕು. ಅರಸರು ಟಂಕಸಾಲೆಗಳನ್ನು ಗುತ್ತಿಗೆಗೆ ಕೊಟ್ಟರು, ಹೊಸ ಟಂಕಸಾಲೆಗಳನ್ನೂ ತೆರೆದರು. ಗುತ್ತಿಗೆದಾರರ ಕಡೆಯವರು ಕಳಪೆ ಚಿಲ್ಲರೆಯ ಚೀಲ ಹೊತ್ತು ಪಕ್ಕದ ಸೀಮೆಗೆ ಹೋಗಿ, ಅಲ್ಲಿಯ ಒಳ್ಳೆಯ ನಾಣ್ಯ ಬದಲಾಯಿಸಿ ತಂದು ಕರಗಿಸಿದರು. ಮೋಸಹೋದ ಸೀಮೆಯೂ ಅದೇ ದಾರಿ ಹಿಡಿಯಿತು. ಇತಿಹಾಸದಲ್ಲಿ ಇದಕ್ಕೆ ‘ಕಿಪ್ಪರ್ ಮತ್ತು ವಿಪ್ಪರ್’ ಕಾಲವೆಂದು ಹೆಸರು. ತಾಲರ್‌ನ ಬೆಲೆ ಕ್ರಾಯ್ಟ್ಸರ್ ಲೆಕ್ಕದಲ್ಲಿ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು.

ತಾಲರ್ ಬಚ್ಚಿಟ್ಟಿದ್ದ ಉಳ್ಳವರು ಬಚಾವಾದರು. ಕೂಲಿಯವರು, ಶಾಲಾ ಮೇಷ್ಟ್ರುಗಳು, ಪಾದ್ರಿಗಳು, ಬಡ್ಡಿ ಹಣದಲ್ಲೇ ದಿನ ದೂಡುತ್ತಿದ್ದ ವಿಧವೆಯರು ಮುಳುಗಿದರು. ರೊಟ್ಟಿ ಮಾರುವವನು ಕೆಂಪು ನಾಣ್ಯ ಬೇಡವೆಂದರೆ ಅವರು ಇನ್ನೇನು ಕೊಟ್ಟಾರು? 1622ರಲ್ಲಿ ಮಾಗ್ಡೆಬುರ್ಗ್‌ನಲ್ಲಿ ಜನ ದಂಗೆಯೆದ್ದರು. ತೆರಿಗೆಯ ಮೂಲಕ ಅದೇ ಕಳಪೆ ನಾಣ್ಯ ಬೊಕ್ಕಸಕ್ಕೆ ವಾಪಸ್ ಬರತೊಡಗಿದ ಮೇಲಷ್ಟೇ ಅರಸರು ಎಚ್ಚೆತ್ತರು. 1623ರ ಹೊತ್ತಿಗೆ ಬಹುತೇಕ ಸೀಮೆಗಳು ತಾಲರ್‌ಗೆ 90 ಕ್ರಾಯ್ಟ್ಸರ್ ಎಂಬ ಲೆಕ್ಕಕ್ಕೆ ಬಂದವು. ಕಳಪೆ ನಾಣ್ಯದ ನಷ್ಟ ಮಾತ್ರ ಅದನ್ನು ಕೈಯಲ್ಲಿ ಹಿಡಿದಿದ್ದವರ ತಲೆಗೇ ಬಂತು. ಈ ಅನ್ಯಾಯ ನನ್ನನ್ನು ಇಂದಿಗೂ ಕೆರಳಿಸುತ್ತದೆ.

ಎರಡು ಶತಮಾನಗಳ ಬಳಿಕವೂ ಚಿಲ್ಲರೆಯಲ್ಲಿ ತಾಮ್ರ ಬೆರೆತೇ ಇತ್ತು. 1821ರಲ್ಲಿ ಜರ್ಮನ್ ರಾಜ್ಯವಾದ ಪ್ರಷ್ಯಾ ತಂದ ‘ಸಿಲ್ಬರ್‌ಗ್ರೋಶೆನ್’ ಚಿಲ್ಲರೆ ಹೆಸರಿಗೆ ಬೆಳ್ಳಿಯದಾದರೂ ಅದರಲ್ಲಿ ಬೆಳ್ಳಿ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚಷ್ಟೇ. ಆದರೆ ಈ ಬಾರಿ ಬೆರಕೆಯನ್ನು ಯಾರೂ ಮುಚ್ಚಿಡಲಿಲ್ಲ. 30 ಸೇರಿದರೆ ಒಂದು ತಾಲರ್ ಎಂದು ಸರ್ಕಾರವೇ ಗೊತ್ತುಮಾಡಿ, ನಾಣ್ಯದ ಮೇಲೆಯೇ ಅಚ್ಚು ಹಾಕಿಸಿತು. ದೊಡ್ಡ ಪಾವತಿಗೆ ಚಿಲ್ಲರೆ ಕೊಟ್ಟರೆ ಬೇಡವೆನ್ನುವ ಹಕ್ಕನ್ನೂ ಕಾನೂನು ಜನರಿಗೆ ಕೊಟ್ಟಿತು.