ನಿಮಗಿದು ಗೊತ್ತೇ? ಸಿವಿಲ್ ಓದಿದರೆ ಎಲ್ಲೆಲ್ಲಿಗೆ!

ಸಿಇಟಿ ರ‍್ಯಾಂಕ್ ಬಂದು ಆಪ್ಷನ್ ಎಂಟ್ರಿಗೆ ಕೂತಾಗ ಕಂಪ್ಯೂಟರ್ ಸೈನ್ಸನ್ನು ಮೇಲಿಂದ ಮೇಲೆ ತುಂಬಿಸಿ, ಕೊನೆಗೆ ‘ಇದೂ ಒಂದಿರಲಿ’ ಅಂತ ಸಿವಿಲ್ ಸೇರಿಸುವ ಮನೆಗಳೇ ಹೆಚ್ಚು. ಆ ಕೊನೆಯ ಸಾಲಿನ ಬಗ್ಗೆ ಒಂದಿಷ್ಟು ಸಂಗತಿ.

ಭಾರತದ ಮೊದಲ ಎಂಜಿನಿಯರಿಂಗ್ ಕಾಲೇಜು ಹುಟ್ಟಿದ್ದೇ ಒಂದು ಕಾಲುವೆಯ ದೆಸೆಯಿಂದ. ಗಂಗಾ ಕಾಲುವೆ ತೋಡಿಸುತ್ತಿದ್ದ ಬ್ರಿಟಿಷರಿಗೆ ಅಳತೆ ಬಲ್ಲ, ನಕ್ಷೆ ಬಲ್ಲ ಕೈಗಳು ಬೇಕಿದ್ದವು. 1847ರಲ್ಲಿ ರೂರ್ಕಿಯಲ್ಲಿ ಕಾಲೇಜು ತೆರೆದರು, 1854ರಲ್ಲಿ ಕಾಲುವೆಗೆ ನೀರು ಬಿಟ್ಟರು. ಇಂದಿನ ಐಐಟಿ ರೂರ್ಕಿ ಅದೇ.

ಸರ್ ಎಂ. ವಿಶ್ವೇಶ್ವರಯ್ಯನವರ ಮೊದಲ ನೌಕರಿ ಯಾವುದು? 1884ರಲ್ಲಿ, ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್. ಇಂದು ಕೆಪಿಎಸ್‌ಸಿ ಪರೀಕ್ಷೆಗೆ ಹಗಲಿರುಳು ಓದುವ ಹುಡುಗ ಹುಡುಗಿಯರು ಕಣ್ಣಿಟ್ಟಿರುವುದೂ ಅದೇ ‘ಎಇ’ ಹುದ್ದೆಯ ಮೇಲೆ! ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಎಂಜಿನಿಯರಿಂಗಿಗೆ ಪುಣೆಗೆ ಹೋಗಿದ್ದವರು ಅವರು. ಮುಂದೆ ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲೇ ಕಾಲೇಜು ತೆರೆಸಿದರು. ಕೆ.ಆರ್. ವೃತ್ತದ ಯುವಿಸಿಇ ಅದು.

ಕೆಆರ್‌ಎಸ್ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸಿಮೆಂಟಲ್ಲ, ಸುರ್ಕಿ ಗಾರೆ: ಸುಣ್ಣ, ಸುಟ್ಟ ಇಟ್ಟಿಗೆಯ ಪುಡಿ.

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಎಂದು ನೀವೂ ನಂಬಿದ್ದೀರಾ? ಅದು ಒಣಗಿದರೇ ಕೆಟ್ಟಿತು. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಬೆರೆತು ಗಟ್ಟಿಯಾಗುವ ವಸ್ತು. ಮೋಲ್ಡ್ ಹಾಕಿದ ಮಾರನೆಯ ದಿನವೇ ಮೇಸ್ತ್ರಿ ತಾರಸಿಯ ಮೇಲೆ ಮಣ್ಣಿನ ಕಟ್ಟೆ ಕಟ್ಟಿಸಿ ನೀರು ನಿಲ್ಲಿಸುವುದು ಅದಕ್ಕೇ. ಕಾಲೇಜಿನ ಲ್ಯಾಬಿನಲ್ಲಿ ವಿದ್ಯಾರ್ಥಿಗಳು 150 ಮಿಲಿಮೀಟರಿನ ಕಾಂಕ್ರೀಟು ಘನಗಳನ್ನು ಎರಕ ಹೊಯ್ದು, ನೀರಿನಲ್ಲಿ ಮುಳುಗಿಸಿಟ್ಟು, 7ನೇ ದಿನ ಕೆಲವನ್ನೂ 28ನೇ ದಿನ ಉಳಿದವನ್ನೂ ಯಂತ್ರಕ್ಕೆ ಕೊಟ್ಟು ಪುಡಿಗಟ್ಟುತ್ತಾರೆ. ‘ಎಂ20’ ಎಂದರೆ 28ನೇ ದಿನ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಾಳಬೇಕಾದ ಮಿಶ್ರಣ. ಇನ್ನೊಂದು ಅದೃಷ್ಟ ನೋಡಿ: ಬಿಸಿಲಿಗೆ ಕಾಂಕ್ರೀಟು ಎಷ್ಟು ಹಿಗ್ಗುತ್ತದೋ ಒಳಗಿನ ಕಬ್ಬಿಣವೂ ಹೆಚ್ಚುಕಡಿಮೆ ಅಷ್ಟೇ ಹಿಗ್ಗುತ್ತದೆ. ಇಲ್ಲವಾಗಿದ್ದರೆ ಆರ್‌ಸಿಸಿ ಎಂಬುದೇ ಇರುತ್ತಿರಲಿಲ್ಲ. ಕಬ್ಬಿಣದ ಬಲೆಗೆ ಸಿಮೆಂಟು ಮೆತ್ತಿ 1867ರಲ್ಲಿ ಪೇಟೆಂಟ್ ಪಡೆದವನು ಎಂಜಿನಿಯರೂ ಅಲ್ಲ. ಗಿಡದ ತೊಟ್ಟಿಗಳು ಒಡೆಯದಿರಲೆಂದು ಹೆಣಗುತ್ತಿದ್ದ ಫ್ರಾನ್ಸಿನ ತೋಟಗಾರ, ಜೋಸೆಫ್ ಮೋನಿಯೆ.

ವಿಟಿಯು ಕಾಲೇಜುಗಳ ಸಿವಿಲ್ ವಿದ್ಯಾರ್ಥಿಗಳ ಸರ್ವೆ ಕ್ಯಾಂಪ್ ಗೊತ್ತಲ್ಲ? ಊರಾಚೆ ಬೀಡುಬಿಟ್ಟು ಹೊಸ ಕೆರೆಗೆ ಜಾಗ ಅಳೆಯಬೇಕು, ಹಳೆ ಕೆರೆಗೆ ಜೀವ ಕೊಡುವ ಯೋಜನೆ ಬರೆಯಬೇಕು, ರಸ್ತೆಗೆ, ಕುಡಿಯುವ ನೀರಿಗೆ ನಕ್ಷೆ ತಯಾರಿಸಬೇಕು. ಬೇರೆ ಬ್ರ್ಯಾಂಚಿನವರು ಎಸಿ ಲ್ಯಾಬಿನಲ್ಲಿ ಕೂತಿರುವಾಗ ಇವರು ಬಿಸಿಲಲ್ಲಿ ಸ್ಟಾಫ್ ಎಂಬ ಅಳತೆಕೋಲು ಹಿಡಿದು ನಿಂತಿರುತ್ತಾರೆ. ನನ್ನ ಕೇಳಿದರೆ ನಾಲ್ಕು ವರ್ಷದ ನಿಜವಾದ ಪಾಠ ಅದೇ.

ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷದ ಡಿಪ್ಲೊಮಾ, ಅಲ್ಲಿಂದ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ. ಈ ಒಳದಾರಿ ಹಳ್ಳಿಯ ಎಷ್ಟೋ ಮಕ್ಕಳಿಗೆ ಪಿಯುಸಿಗಿಂತ ಹತ್ತಿರ. ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿ, ಗುತ್ತಿಗೆದಾರರಾಗಿ ದುಡಿದವರೊಬ್ಬರು 1996ರಲ್ಲಿ ಪ್ರಧಾನಿಯೇ ಆದರು: ಎಚ್.ಡಿ. ದೇವೇಗೌಡರು.

ಮದರಾಸಿನ ಗಿಂಡಿ ಕಾಲೇಜಿನಲ್ಲಿ 1940ರ ದಶಕದಲ್ಲೇ ಸಿವಿಲ್ ಓದಿದ ಪಿ.ಕೆ. ತ್ರೇಸಿಯಾ 1971ರಲ್ಲಿ ಕೇರಳದ ಮುಖ್ಯ ಎಂಜಿನಿಯರ್ ಆದರು. ಆ ಕುರ್ಚಿಗೇರಿದ ದೇಶದ ಮೊದಲ ಮಹಿಳೆ.

ನದಿಯಿಂದ 359 ಮೀಟರ್ ಎತ್ತರದ ಚೆನಾಬ್ ರೈಲು ಸೇತುವೆ 2025ರ ಜೂನ್ 6ರಂದು ಉದ್ಘಾಟನೆಯಾಯಿತು. ಅದರ ಬುಡದ ಬಂಡೆಯ ಕಥೆ ಬೆಂಗಳೂರಿನದು. ಬಿರುಕು ಬಿಟ್ಟ ಹಿಮಾಲಯದ ಇಳಿಜಾರು ಇಷ್ಟು ಭಾರ ಹೊರುತ್ತದೆಯೇ ಎಂಬ ಬಗ್ಗೆ 17 ವರ್ಷ ಸಲಹೆ ನೀಡಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಜಿ. ಮಾಧವಿ ಲತಾ. ಅಗೆದಂತೆಲ್ಲ ಬಂಡೆ ಬೇರೆಯೇ ಮುಖ ತೋರಿಸುತ್ತಿದ್ದುದರಿಂದ ವಿನ್ಯಾಸವನ್ನೂ ಅಲ್ಲಲ್ಲೇ ಬದಲಿಸುತ್ತ ಹೋಗಬೇಕಾಯಿತು. ಮಣ್ಣು ಮತ್ತು ಬಂಡೆ ಓದುವ ಈ ಜಿಯೊಟೆಕ್ನಿಕಲ್ ವಿಭಾಗ ಸಿವಿಲ್‌ನ ಒಂದು ಕವಲಷ್ಟೇ.

ನೀರಿನದು ಇನ್ನೊಂದು ಕವಲು. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತದಲ್ಲಿ ಪಂಪ್ ಆಗಿ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಏರಿ ಬಂದದ್ದು. ಕೈತೊಳೆಯುವಾಗ ಇದು ಯಾರಿಗೆ ನೆನಪಾದೀತು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ನೀರು ಧುಮ್ಮಿಕ್ಕುತ್ತಿರುವಾಗಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ವಾರದೊಳಗೆ ಕಂಡಿ ಮುಚ್ಚಿದರು. ದೇಶದಲ್ಲಿ 2021ರಿಂದ ಅಣೆಕಟ್ಟೆ ಸುರಕ್ಷತಾ ಕಾಯ್ದೆಯೇ ಇದೆ; ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತಪಾಸಣೆ ಕಡ್ಡಾಯ. ಕಟ್ಟುವವರಷ್ಟೇ ಅಲ್ಲ, ಕಟ್ಟಿದ್ದನ್ನು ಕಾಯುವವರೂ ಬೇಕು.

ಗೇಟ್ ಪರೀಕ್ಷೆ ಬರೆದು ಎಂ.ಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ. ಯುಪಿಎಸ್‌ಸಿಯ ಎಂಜಿನಿಯರಿಂಗ್ ಸೇವೆ ಪರೀಕ್ಷೆ ಬರೆದರೆ ಕೇಂದ್ರ ಜಲ ಸೇವೆ, ಕೇಂದ್ರ ಲೋಕೋಪಯೋಗಿ, ಗಡಿ ರಸ್ತೆಗಳ ಬಾಗಿಲು. ಖಾಸಗಿಯಲ್ಲಿ ಶುರುವಿನ ಸಂಬಳ ಐಟಿಯವರ ಮುಂದೆ ಸಪ್ಪೆ, ಸೈಟಿನ ಧೂಳು ಜಾಸ್ತಿ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಇನ್ನು ಸುಳ್ಯದ ಗಿರೀಶ್ ಭಾರದ್ವಾಜ್. 1989ರಲ್ಲಿ ಅರಂಬೂರಿನ ಬಳಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಡೆ ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದರು. ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ ಅವರು ಓದಿದ್ದು ಮಾತ್ರ ಮೆಕ್ಯಾನಿಕಲ್!