ಹೊಸ ಕಾರ್ಡು, ಕಪ್ಪು ಪರದೆ: ದೋಷ ಹುಡುಕುವುದು ಹೇಗೆ?

ಮೇಲೂರಿನ ಹಿಪ್ಪುನೇರಳೆ ತೋಟವೊಂದರಲ್ಲಿ ಕೊಳವೆಬಾವಿಯ ಮೋಟಾರು ಓಡುತ್ತಿಲ್ಲ ಎಂದುಕೊಳ್ಳಿ. ರೈತರು ಆ ಕೂಡಲೇ ಸಾವಿರ ಅಡಿ ಆಳದಿಂದ ಮೋಟಾರನ್ನು ಮೇಲೆತ್ತಿಸುವುದಿಲ್ಲ. ಕರೆಂಟ್ ಇದೆಯೇ, ಮೂರೂ ಫೇಸ್ ಬಂದಿದೆಯೇ ಎಂದು ಮೊದಲು ನೋಡುತ್ತಾರೆ. ಆಮೇಲೆ ಫ್ಯೂಸ್, ಸ್ಟಾರ್ಟರ್, ಕೇಬಲ್ ನೋಡುತ್ತಾರೆ. ಇವೆಲ್ಲ ಸರಿಯಿದ್ದರೆ ಮಾತ್ರ ಮೋಟಾರಿನ ಮೇಲೆ ಅನುಮಾನ. ಏಕೆಂದರೆ ಮೋಟಾರು ಎತ್ತಿಸಲು ಸಾವಿರಾರು ರೂಪಾಯಿ ಬೇಕು. ಫ್ಯೂಸ್ ನೋಡಲು ಎರಡು ನಿಮಿಷ ಸಾಕು.

ಮಕ್ಕಳೇ, ಕಂಪ್ಯೂಟರಿನ ದೋಷ ಹುಡುಕುವುದಕ್ಕೂ ಇದೇ ಕ್ರಮ. ಶಾಲೆಯ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದಾರೆ. ಗುಂಡಿ ಒತ್ತಿದರೆ ದೀಪ ಹೊತ್ತಿಕೊಳ್ಳುತ್ತದೆ, ಫ್ಯಾನ್ ತಿರುಗುತ್ತದೆ, ಆದರೆ ಪರದೆ ಕಪ್ಪಾಗಿಯೇ ಇದೆ. ‘ಕೆಟ್ಟುಹೋಯಿತು’ ಎಂದು ಬಟ್ಟೆ ಮುಚ್ಚಿ ಮೂಲೆಗೆ ಇಟ್ಟುಬಿಟ್ಟರೆ? ಒಂದೋ ಎರಡೋ ಕಂಪ್ಯೂಟರ್ ಇರುವ ಶಾಲೆಯಲ್ಲಿ ಮಕ್ಕಳ ಕಂಪ್ಯೂಟರ್ ಪಾಠವೇ ನಿಂತುಹೋಗುತ್ತದೆ. ದೋಷ ಬರೀ ಒಂದು ತಂತಿಯದ್ದೂ ಆಗಿರಬಹುದು! ಅದನ್ನು ಪತ್ತೆ ಮಾಡುವ ಬಗೆಯನ್ನು ಈಗ ನೋಡೋಣ.

ಚಿತ್ರ ಮೂಡುವುದು ಹೇಗೆ?

ದೋಷ ಹುಡುಕಬೇಕಾದರೆ ಮೊದಲು ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದಿರಬೇಕು. ಪರದೆಯ ಮೇಲಿನ ಚಿತ್ರವೆಲ್ಲ ಚಿಕ್ಕ ಚಿಕ್ಕ ಚುಕ್ಕಿಗಳಿಂದ ಆದದ್ದು. ಇವುಗಳಿಗೆ ಪಿಕ್ಸೆಲ್ ಎಂದು ಹೆಸರು. ಒಂದೊಂದು ಪಿಕ್ಸೆಲ್‌ನಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಭಾಗಗಳಿರುತ್ತವೆ. ಮೂರೂ ಪೂರ್ತಿ ಬೆಳಗಿದರೆ ಬಿಳಿ, ಮೂರೂ ಆರಿದರೆ ಕಪ್ಪು. ಬೇರೆ ಬೇರೆ ಪ್ರಮಾಣದಲ್ಲಿ ಬೆಳಗಿದರೆ ಉಳಿದ ಬಣ್ಣಗಳು.

ಈಗ ಬಳಕೆಯಲ್ಲಿರುವ ಅನೇಕ ಪರದೆಗಳಲ್ಲಿ ಅಡ್ಡಸಾಲಿಗೆ 1920 ಪಿಕ್ಸೆಲ್‌ಗಳಂತೆ 1080 ಸಾಲುಗಳಿರುತ್ತವೆ. ಗುಣಿಸಿ ನೋಡಿ: ಒಟ್ಟು 20,73,600 ಪಿಕ್ಸೆಲ್‌ಗಳು! ಸಾಮಾನ್ಯವಾಗಿ ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಅಂದರೆ ಒಂದು ಸೆಕೆಂಡಿನಲ್ಲಿ 12 ಕೋಟಿಗೂ ಹೆಚ್ಚು ಪಿಕ್ಸೆಲ್‌ಗಳಿಗೆ ‘ನೀನು ಈ ಬಣ್ಣ ತೋರಿಸು’ ಎಂದು ಹೇಳಬೇಕು. ಈ ಕೆಲಸ ಮಾಡುವುದೇ ಗ್ರಾಫಿಕ್ಸ್ ವ್ಯವಸ್ಥೆ. ಕೆಲವು ಕಂಪ್ಯೂಟರುಗಳಲ್ಲಿ ಇದು ಒಳಗೇ ಸೇರಿಕೊಂಡಿರುತ್ತದೆ. ಹೆಚ್ಚಿನ ಕೆಲಸಕ್ಕೆ ಬೇಕಾದಾಗ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡನ್ನು ಮದರ್‌ಬೋರ್ಡ್‌ನ ಸ್ಲಾಟ್‌ಗೆ ಸಿಕ್ಕಿಸುತ್ತಾರೆ.

ಮಾಡಿ ನೋಡಿ: ಮನೆಯವರನ್ನು ಕೇಳಿ ಒಂದು ಮೊಬೈಲ್ ತೆಗೆದುಕೊಳ್ಳಿ. ಪರದೆಯಲ್ಲಿ ಬಿಳಿ ಬಣ್ಣ ಬರುವಂತೆ ಮಾಡಿ. ಬೆರಳ ತುದಿಯಿಂದ ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ನೀರಿನ ಹನಿ ಇಡಿ. ಹನಿ ಮಸೂರದಂತೆ ಕೆಲಸ ಮಾಡುತ್ತದೆ. ಅದರೊಳಗೆ ಕೆಂಪು, ಹಸಿರು, ನೀಲಿ ಬಣ್ಣಗಳು ಕಾಣುತ್ತವೆಯೇ? ನೋಡಿದ ಮೇಲೆ ಒಣಬಟ್ಟೆಯಿಂದ ಒರೆಸಿಬಿಡಿ.

ದಾರಿ ಹಿಡಿದು ಹುಡುಕೋಣ

ವಿದ್ಯುತ್ತು ಪವರ್ ಸಪ್ಲೈಯಿಂದ ಕಾರ್ಡಿಗೆ ಬರುತ್ತದೆ. ಕಾರ್ಡು ಚಿತ್ರವನ್ನು ಸಿದ್ಧಪಡಿಸುತ್ತದೆ. ಕೇಬಲ್ ಅದನ್ನು ಮಾನಿಟರಿಗೆ ಒಯ್ಯುತ್ತದೆ. ಮಾನಿಟರ್ ತೋರಿಸುತ್ತದೆ. ಈ ದಾರಿಯಲ್ಲಿ ಎಲ್ಲಿ ತಡೆಯಾದರೂ ಪರದೆ ಕಪ್ಪೇ. ಸುಲಭವಾದ ಪರೀಕ್ಷೆಯಿಂದ ಶುರು ಮಾಡೋಣ.

1. ಮಾನಿಟರ್ ಎಚ್ಚರವಾಗಿದೆಯೇ? ಅದರ ದೀಪ ನೋಡಿ. ‘ನೋ ಸಿಗ್ನಲ್’ ಎಂಬ ಬರಹ ಬಂದರೆ ಮಾನಿಟರಿಗೆ ಕರೆಂಟ್ ಬರುತ್ತಿದೆ, ಅದರ ಪರದೆಯೂ ಬೆಳಗುತ್ತಿದೆ ಎಂದರ್ಥ. ಆದರೆ ಅದಕ್ಕೆ ಚಿತ್ರ ತಲುಪುತ್ತಿಲ್ಲ.

2. ಕೇಬಲ್ ಯಾವ ಕಿಂಡಿಯಲ್ಲಿದೆ? ಹೊಸ ಕಾರ್ಡ್ ಹಾಕಿದಾಗ ಬಹಳ ಸಲ ಆಗುವ ತಪ್ಪು ಇದೇ. ನಿಲ್ಲಿಸಿಟ್ಟ ಪೆಟ್ಟಿಗೆಯ ಹಿಂಭಾಗವನ್ನು ನೋಡಿ. ಮೌಸ್, ಕೀಲಿಮಣೆ ಸಿಕ್ಕಿಸುವ ಜಾಗದಲ್ಲಿ ಮದರ್‌ಬೋರ್ಡ್‌ನ ಹಳೆಯ ಚಿತ್ರಕಿಂಡಿ ಇರಬಹುದು. ಹೊಸ ಕಾರ್ಡಿನ ಕಿಂಡಿಗಳು ಸಾಮಾನ್ಯವಾಗಿ ಅದರ ಕೆಳಗೆ ಅಡ್ಡಲಾಗಿ ಇರುತ್ತವೆ. ಹೊಸ ಕಾರ್ಡ್ ಇದೆಯೆಂದು ತಿಳಿದೊಡನೆ ಅನೇಕ ಕಂಪ್ಯೂಟರುಗಳು ಹಳೆಯ ಕಿಂಡಿಗೆ ಚಿತ್ರ ಕಳಿಸುವುದನ್ನು ನಿಲ್ಲಿಸುತ್ತವೆ. ಕೇಬಲ್ ಹಳೆಯ ಜಾಗದಲ್ಲೇ ಉಳಿದರೆ ಪರದೆ ಕಪ್ಪಾಗದೆ ಇನ್ನೇನಾದೀತು?

3. ಕಾರ್ಡ್ ಪೂರ್ತಿ ಕುಳಿತಿದೆಯೇ? ಸ್ಲಾಟ್‌ನಲ್ಲಿ ಕಾರ್ಡ್ ಒಂದು ಕಡೆ ಕೂದಲೆಳೆಯಷ್ಟು ಮೇಲೆದ್ದಿದ್ದರೂ ಸಂಪರ್ಕ ತಪ್ಪಬಹುದು. ಕಂಪ್ಯೂಟರ್ ಶುರುವಾಗುವಾಗ ಬರುವ ‘ಬೀಪ್’ ಸದ್ದು ಕೆಲವೊಮ್ಮೆ ಇದರ ಸೂಚನೆ. ಎಷ್ಟು ಬೀಪ್ ಎಂದರೆ ಏನರ್ಥ ಎಂಬುದು ಒಂದೊಂದು ಕಂಪನಿಗೆ ಒಂದೊಂದು ಬಗೆ. ಜೊತೆಗೆ ಬಂದ ಪುಸ್ತಿಕೆಯಲ್ಲಿ ನೋಡಬೇಕು. ಕಾರ್ಡನ್ನು ತೆಗೆದು ಮತ್ತೆ ಕೂರಿಸುವ ಕೆಲಸ ಶಿಕ್ಷಕರದು ಅಥವಾ ತಂತ್ರಜ್ಞರದು. ಕರೆಂಟಿನ ತಂತಿಯನ್ನು ಕಿತ್ತಿಟ್ಟು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಆಮೇಲೆ ಕೈ ಹಾಕಬೇಕು. ಒಣ ಹವೆಯಲ್ಲಿ ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಎಳೆಯುತ್ತದಲ್ಲವೇ? ಅದೇ ಸ್ಥಾಯೀ ವಿದ್ಯುತ್ತು ನಮ್ಮ ಮೈಯಲ್ಲೂ ಸೇರಿ ಕಾರ್ಡಿನ ಚಿಪ್ಪುಗಳನ್ನು ಹಾಳು ಮಾಡಬಲ್ಲದು.

4. ವಿದ್ಯುತ್ತು ಸಾಕಾಗುತ್ತಿದೆಯೇ? ಈಗಿನ ಕಾರ್ಡುಗಳಿಗೆ ಸ್ಲಾಟ್‌ನಿಂದ ಹೆಚ್ಚೆಂದರೆ 75 ವ್ಯಾಟ್ ಸಿಗುತ್ತದೆ. ದೊಡ್ಡ ಕಾರ್ಡಿಗೆ ಇದು ಸಾಲದು. ಅದಕ್ಕೆ ಪವರ್ ಸಪ್ಲೈಯಿಂದ ಬೇರೆ ತಂತಿ ಕೊಡಬೇಕು. 6 ಪಿನ್ನಿನ ತಂತಿ ಇನ್ನೂ 75 ವ್ಯಾಟ್ ಕೊಟ್ಟರೆ, 8 ಪಿನ್ನಿನದು 150 ವ್ಯಾಟ್ ಕೊಡುತ್ತದೆ. ತಂತಿ ಸಿಕ್ಕಿಸುವುದು ಮರೆತರೆ ಕಾರ್ಡಿನ ಫ್ಯಾನ್ ತಿರುಗಿದರೂ ಚಿತ್ರ ಬಾರದೆ ಇರಬಹುದು. ಬರೆಯುವಾಗ ಸರಿಯಾಗಿದ್ದ ಕಂಪ್ಯೂಟರ್, ಆಟ ಶುರು ಮಾಡಿದ ಕೂಡಲೇ ಆರಿಹೋದರೆ ಪವರ್ ಸಪ್ಲೈ ಚಿಕ್ಕದಾಗಿರಬಹುದು.

ಚಿತ್ರ ಬಂತು, ಆದರೆ ಸರಿಯಿಲ್ಲ

ಅಕ್ಷರಗಳೆಲ್ಲ ದೊಡ್ಡದಾಗಿ, ಒರಟಾಗಿ ಕಂಡರೆ ಗಾಬರಿ ಬೇಡ. ಕಾರ್ಡಿನೊಡನೆ ಮಾತಾಡಲು ಕಂಪ್ಯೂಟರಿಗೆ ‘ಡ್ರೈವರ್’ ಎಂಬ ತಂತ್ರಾಂಶ ಬೇಕು. ಅದಿಲ್ಲದಿದ್ದಾಗ ಎಲ್ಲ ಕಾರ್ಡುಗಳಿಗೂ ತಿಳಿದಿರುವ ಸರಳ ಚಿತ್ರವನ್ನಷ್ಟೇ ಅದು ಕೇಳುತ್ತದೆ. ಆ ಕಾರ್ಡಿಗೆಂದೇ ಇರುವ ಡ್ರೈವರ್ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಪರದೆಯೆಲ್ಲ ಹಳದಿಯಾದರೆ? ಇಲ್ಲಿ ನಮ್ಮ ಬಣ್ಣದ ಪಾಠ ನೆರವಿಗೆ ಬರುತ್ತದೆ. ಹಳೆಯ ವಿಜಿಎ ಕೇಬಲ್‌ನಲ್ಲಿ ಐದೈದರಂತೆ ಮೂರು ಸಾಲು, ಒಟ್ಟು 15 ಪಿನ್ನುಗಳ ಜಾಗವಿರುತ್ತದೆ. ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಪಿನ್ನು. ನೀಲಿಯ ಪಿನ್ನು ಬಗ್ಗಿದರೆ ಕೆಂಪು, ಹಸಿರು ಮಾತ್ರ ಉಳಿಯುತ್ತವೆ. ಆ ಎರಡು ಬೆಳಕು ಸೇರಿದರೆ ಹಳದಿ. ಹಸಿರು ತಪ್ಪಿದರೆ ಪರದೆ ಗುಲಾಬಿ-ನೇರಳೆ. ಕೆಂಪು ತಪ್ಪಿದರೆ ಹಸಿರು ಬೆರೆತ ನೀಲಿ. ಬಣ್ಣ ನೋಡಿಯೇ ಯಾವ ಪಿನ್ನೆಂದು ಹೇಳಬಹುದು!

ಗೆರೆಗಳು, ಚುಕ್ಕಿಗಳು ಬಂದರೆ ಮಾನಿಟರಿನ ಅಂಚಿನ ಗುಂಡಿ ಒತ್ತಿ ಅದರದೇ ಮೆನು ತೆರೆಯಿರಿ. ಈ ಮೆನುವನ್ನು ಬರೆಯುವುದು ಮಾನಿಟರ್, ಕಾರ್ಡಲ್ಲ. ಮೆನುವಿನ ಮೇಲೂ ಗೆರೆ ಬಂದರೆ ಅನುಮಾನ ಮಾನಿಟರಿನ ಮೇಲೆ. ಮೆನು ಸ್ವಚ್ಛವಾಗಿದ್ದು ಹಿಂದಿನ ಚಿತ್ರ ಮಾತ್ರ ಕೆಟ್ಟಿದ್ದರೆ ಕೇಬಲ್ ಅಥವಾ ಕಾರ್ಡನ್ನು ನೋಡಬೇಕು. ಕಾರ್ಡಿನ ಫ್ಯಾನಿಗೆ ದೂಳು ತುಂಬಿ ಅದು ಕಾದರೂ ಹೀಗಾಗುವುದುಂಟು.

ಇನ್ನೊಂದು ಮಾತು. ಬೇರೆಲ್ಲ ಸರಿಯಿದ್ದು, ಕನ್ನಡ ಅಕ್ಷರಗಳ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೋ ಖಾಲಿ ಚೌಕಗಳೋ ಕಂಡರೆ ಕಾರ್ಡನ್ನು ದೂರಬೇಡಿ. ಹಳೆಯ ನುಡಿ ಕಡತವನ್ನು ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಹೀಗಾಗುತ್ತದೆ. ಅದು ಫಾಂಟಿನ ಕೊರತೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ಕೇಬಲ್, ಮಾನಿಟರ್ ಎರಡನ್ನೂ ಒಟ್ಟಿಗೆ ಬದಲಿಸಿದಿರಿ, ಚಿತ್ರ ಬಂತು. ಕೆಟ್ಟದ್ದು ಯಾವುದು? ಹೇಳಲಾಗದು. ಒಳ್ಳೆಯ ಮಾನಿಟರನ್ನೇ ಎಸೆದುಬಿಡಬಹುದು. ಅದಕ್ಕೇ ಒಂದನ್ನು ಬದಲಿಸಿ, ನೋಡಿ, ಬರೆದಿಟ್ಟು, ಆಮೇಲೆ ಇನ್ನೊಂದಕ್ಕೆ ಹೋಗಬೇಕು. ಹೊಸ ಕಾರ್ಡ್ ತೆಗೆದು ಹಳೆಯದನ್ನು ಹಾಕಿದಾಗ ಅದೇ ಕೇಬಲ್, ಅದೇ ಮಾನಿಟರಿನಲ್ಲಿ ಚಿತ್ರ ಬಂದರೆ ಅವೆರಡೂ ಸರಿಯಿವೆ. ಆಗ ಉಳಿಯುವುದು ಹೊಸ ಕಾರ್ಡು, ಅದು ಕುಳಿತ ರೀತಿ, ಅದಕ್ಕೆ ಬೇಕಾದ ವಿದ್ಯುತ್ತು ಮತ್ತು ಡ್ರೈವರ್. ಬೀಜ ಮೊಳೆಯಲು ನೀರು ಬೇಕೇ ಎಂದು ಪರೀಕ್ಷಿಸುವಾಗ ಎರಡು ಬಟ್ಟಲಿನಲ್ಲೂ ಗಾಳಿ, ಶಾಖ ಒಂದೇ ಇಟ್ಟು ನೀರನ್ನು ಮಾತ್ರ ಬದಲಿಸುತ್ತೇವಲ್ಲ, ಇದೂ ಹಾಗೆಯೇ.

ಎಚ್ಚರಿಕೆ: ಪವರ್ ಸಪ್ಲೈಯ ಡಬ್ಬಿಯನ್ನೂ ಹಳೆಯ ದಪ್ಪ ಗಾಜಿನ ಮಾನಿಟರನ್ನೂ ಎಂದೂ ಬಿಚ್ಚಬೇಡಿ. ಕರೆಂಟ್ ತೆಗೆದ ಮೇಲೂ ಅವುಗಳೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು.

ನಿಮಗೆ ಗೊತ್ತೇ?

ಐಬಿಎಂ ಕಂಪನಿ ವಿಜಿಎ ಪದ್ಧತಿಯನ್ನು ತಂದದ್ದು 1987ರಲ್ಲಿ. 640 ಅಡ್ಡ, 480 ಉದ್ದ, ಒಟ್ಟು 3,07,200 ಪಿಕ್ಸೆಲ್‌ಗಳು. ಆ ಗಾತ್ರದ ಚಿತ್ರದಲ್ಲಿ ಒಮ್ಮೆಗೆ 16 ಬಣ್ಣ ಮಾತ್ರ. ನಾವು ಮೇಲೆ ಲೆಕ್ಕ ಹಾಕಿದ ಪರದೆಯಲ್ಲಿ ಅದರ ಆರೂಮುಕ್ಕಾಲು ಪಟ್ಟು ಪಿಕ್ಸೆಲ್‌ಗಳಿವೆ. 1999ರಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಜಿಫೋರ್ಸ್ 256 ಎಂಬ ಚಿಪ್ಪನ್ನು ‘ಜಿಪಿಯು’ ಎಂದು ಕರೆಯಿತು. ಇಂಥ ಚಿಪ್ಪುಗಳ ವಿನ್ಯಾಸದಲ್ಲಿ ತೊಡಗಿರುವ ಎಂಜಿನಿಯರುಗಳು ನಮ್ಮ ಪಕ್ಕದ ಬೆಂಗಳೂರಿನಲ್ಲೂ ಇದ್ದಾರೆ.

ಯೋಚಿಸಿ ಉತ್ತರಿಸಿ

ಹೊಸ ಕಾರ್ಡ್ ಹಾಕಿದ ಮೇಲೆ ಪರದೆ ಹಳದಿಯಾಗಿದೆ. ಮಾನಿಟರಿನ ಮೆನು ತೆರೆದರೆ ಅದರಲ್ಲಿರುವ ಬಿಳಿ ಅಕ್ಷರಗಳು ಬಿಳಿಯಾಗಿಯೇ ಕಾಣುತ್ತವೆ. ಬಳಸಿರುವುದು ವಿಜಿಎ ಕೇಬಲ್. ನೀವು ಮೊದಲು ಯಾವುದನ್ನು ಪರೀಕ್ಷಿಸುತ್ತೀರಿ? ಏಕೆ?

ಉತ್ತರ: ಕೇಬಲ್ಲಿನ ಎರಡೂ ತುದಿಗಳನ್ನು. ಮೆನು ಬಿಳಿಯಾಗಿ ಕಾಣುವುದರಿಂದ ಮಾನಿಟರ್ ನೀಲಿಯನ್ನು ತೋರಿಸಬಲ್ಲದು; ಅದಕ್ಕೆ ನೀಲಿಯ ಸಂಕೇತ ತಲುಪುತ್ತಿಲ್ಲ. ಪಿನ್ನು ನೋಡಲು ಖರ್ಚಿಲ್ಲ. ಪಿನ್ನುಗಳೆಲ್ಲ ನೆಟ್ಟಗಿದ್ದರೆ ಬೇರೊಂದು ಕೇಬಲ್ ಹಾಕಿ ನೋಡಬೇಕು. ಆಗಲೂ ಹಳದಿಯೇ ಇದ್ದರೆ ಮಾತ್ರ ಕಾರ್ಡನ್ನು ಅಂಗಡಿಗೆ ಒಯ್ಯುವ ಮಾತು.