ಕೊಲ್ಲದೆ ಅಳೆಯುವ ವಿಷ

ಮಸ್ಕಿಯ ಬಂಡೆಗಲ್ಲಿನ ಎದುರು ನಿಂತು ಡಾಲ್ಫಿನ್ನನ್ನು ನೆನೆಯುವುದು ವಿಚಿತ್ರವೆನಿಸೀತು. ಆದರೂ ಒಂದು ನಂಟುಂಟು. ಬಹುಕಾಲ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಈ ಊರಿನಲ್ಲಿ 1915ರಲ್ಲಿ ದೊರೆತ ಶಾಸನವು, ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಖಚಿತಪಡಿಸಿತು. ಅದೇ ಅರಸನು ತನ್ನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳನ್ನು ಹೆಸರಿಸಿದ್ದಾನೆ. ಅವುಗಳಲ್ಲಿ ‘ಗಂಗಾಪುಪುಟಕ’ವೆಂಬುದು ಗಂಗಾನದಿಯ ಡಾಲ್ಫಿನ್ನೇ ಇರಬೇಕೆಂದು ಹಲವು ವಿದ್ವಾಂಸರ ಊಹೆ.

ಕತ್ತಿಯಿಂದ ಕೊಲ್ಲುವುದನ್ನು ಅರಸನ ಆಜ್ಞೆ ತಡೆಯಬಲ್ಲುದು. ನೀರಿನಲ್ಲಿ ಬರುವ ವಿಷವನ್ನು ತಡೆಯುವವರಾರು? ಸಿಂಧನೂರಿನ ಭತ್ತದ ಗದ್ದೆಗಳಿಗೆ ನೀರುಣಿಸುವುದು ತುಂಗಭದ್ರೆಯ ಎಡದಂಡೆ ಕಾಲುವೆ. ಗದ್ದೆಗಳಿಂದ ಬಸಿದ ನೀರು ಹಳ್ಳಗಳನ್ನು ಸೇರಿ, ಮರಳಿ ತುಂಗಭದ್ರೆಗಿಳಿದು, ಕೃಷ್ಣೆಯೊಡಗೂಡಿ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಬೆಳೆಗೆ ಕೀಟನಾಶಕ ಸಿಂಪಡಿಸುವುದನ್ನು ಇಲ್ಲಿನ ರೈತರು ‘ಎಣ್ಣೆ ಹೊಡೆಯುವುದು’ ಎನ್ನುತ್ತಾರೆ. ಎಷ್ಟು ಸೌಮ್ಯವಾದ ಮಾತು!

ಡಿ.ಡಿ.ಟಿ.ಯಂಥ ವಿಷಗಳು ನೀರಿನಲ್ಲಿ ಸುಲಭವಾಗಿ ಕರಗವು, ಕೊಬ್ಬಿನಲ್ಲಿ ನೆಲೆಯೂರುತ್ತವೆ. ಹುಳುವಿನಿಂದ ಮೀನಿಗೆ, ಮೀನಿನಿಂದ ಡಾಲ್ಫಿನ್ನಿಗೆ ಏರಿದಂತೆಲ್ಲ ಸಾಂದ್ರವಾಗುತ್ತವೆ. ಗಂಡಿನ ಮೈಯಲ್ಲಿ ವಯಸ್ಸಿನೊಡನೆ ವಿಷವೂ ಬೆಳೆಯುತ್ತದೆ. ಮರಿ ಹಾಕಿದ ಹೆಣ್ಣಿನಲ್ಲಾದರೋ ಇಳಿಯುತ್ತದೆ. ಅದು ಎಲ್ಲಿಗೆ ಹೋಯಿತು? ತಾಯಿಯ ಹಾಲಿನೊಡನೆ ಮರಿಗೆ! ಚೊಚ್ಚಲ ಮರಿಗೇ ಅತಿ ದೊಡ್ಡ ಪಾಲು.

ಭಾರತದ ಬೇಸಾಯದಲ್ಲಿ ಡಿ.ಡಿ.ಟಿ. ನಿಷಿದ್ಧವಾದುದು 1989ರಲ್ಲಿ. ಅನಂತರ, 1990ರ ದಶಕದಲ್ಲಿ ಬಂಗಾಳ ಕೊಲ್ಲಿಯ ಮತ್ತು ಗಂಗೆಯ ಡಾಲ್ಫಿನ್ನುಗಳ ಕೊಬ್ಬನ್ನು ಪರೀಕ್ಷಿಸಿದಾಗ ಅದು ಧಾರಾಳವಾಗಿಯೇ ಕಂಡುಬಂದಿತು. ಆದರೆ ಅವು ಬಲೆಗೆ ಸಿಕ್ಕಿ ಸತ್ತ ಪ್ರಾಣಿಗಳು. ಬದುಕಿರುವವುಗಳನ್ನು ಕೇಳುವುದೆಂತು?

ಉಪಾಯ ಸರಳವಾದುದೇ. ಡಾಲ್ಫಿನ್ ಉಸಿರಿಗಾಗಿ ಮೇಲೆದ್ದಾಗ, ದೋಣಿಯಿಂದ ಅಡ್ಡಬಿಲ್ಲಿನಲ್ಲಿ ವಿಶೇಷವಾದ ಬಾಣವೊಂದನ್ನು ಅದರ ಪಕ್ಕೆಗೆ ಬಿಡುತ್ತಾರೆ. ಬಾಣದ ಟೊಳ್ಳು ಮೊನೆಯು ಚರ್ಮ ಮತ್ತು ಕೊಬ್ಬಿನ ಚಿಕ್ಕ ಚೂರೊಂದನ್ನು ಕತ್ತರಿಸಿಕೊಂಡು ಪುಟಿದು ಬಂದು ನೀರಿನ ಮೇಲೆ ತೇಲುತ್ತದೆ. ಚೂರನ್ನು ಶೈತ್ಯದಲ್ಲಿ ಕಾಪಾಡಿ ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಅದರಿಂದ ವಿಷದ ಪ್ರಮಾಣವಷ್ಟೇ ಅಲ್ಲ, ಪ್ರಾಣಿ ಗಂಡೋ ಹೆಣ್ಣೋ ಎಂಬುದೂ ತಿಳಿಯುತ್ತದೆ. ಗಾಯ ಕೆಲವು ವಾರಗಳಲ್ಲಿ ಮಾಯುತ್ತದೆ. ನೋವೇ ಇಲ್ಲವೆನ್ನಲಾರೆ, ಪ್ರಾಣವಂತೂ ಉಳಿಯುತ್ತದೆ.

ಅಮೆರಿಕದ ಫ್ಲಾರಿಡಾದ ಸರಸೋಟಾ ಕೊಲ್ಲಿಯಲ್ಲಿ 1970ರಿಂದಲೇ ಡಾಲ್ಫಿನ್ನುಗಳ ಅಧ್ಯಯನ ನಡೆದಿದೆ. ಅಲ್ಲಿ ಅವುಗಳನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು, ರಕ್ತವನ್ನೂ ತಾಯಂದಿರ ಹಾಲನ್ನೂ ತೆಗೆದುಕೊಂಡು ಬಿಟ್ಟುಬಿಡುತ್ತಾರೆ. ಚೊಚ್ಚಲ ಮರಿಗಳು ಬದುಕುಳಿಯುವುದು ಕಡಿಮೆಯೆಂಬುದು ಅಲ್ಲಿ ಕಂಡುಬಂದ ಸಂಗತಿ.

ಗಂಗೆಯಲ್ಲಿ ಈ ಬಾಣ ಅಷ್ಟು ಸುಲಭವಲ್ಲ. ಆ ಕುರುಡು ಜೀವಿ ಕದಡಿದ ನೀರಿನಿಂದ ಕ್ಷಣಮಾತ್ರ ಮೂತಿಯೆತ್ತಿ, ಗುರಿಯಿಡುವಷ್ಟರಲ್ಲಿ ಮುಳುಗಿಬಿಡುತ್ತದೆ.